ಅನ್ನದಿಂದ ಮುದ್ದೆಗೆ: ಮೈಯಲ್ಲಿ ಬದಲಾಗುವುದೇನು, ಯಾವಾಗ?

ಮಾಗಡಿ ರಸ್ತೆಯ ಹೇರೋಹಳ್ಳಿ ಬೆಂಗಳೂರು ನಗರದ ಲೆಕ್ಕಕ್ಕೆ ಬಂದದ್ದು 2007ರಲ್ಲಿ, ಬಿಬಿಎಂಪಿ ರಚನೆಯಾದಾಗ. ಅದಕ್ಕೆ ಮೊದಲು ಅದು ರಾಗಿ, ಅವರೆಯ ಸೀಮೆಗೆ ಸೇರಿದ ಊರು. ಹೊಲಗಳೆಲ್ಲ ಸೈಟುಗಳಾದಂತೆ ತಟ್ಟೆಯೂ ಬದಲಾಯಿತು. ಬೆಳಿಗ್ಗೆ ಇಡ್ಲಿಯೋ ರೈಸ್‌ಬಾತೋ, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ರಾತ್ರಿ ಅನ್ನ ಸಾರು. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಮುದ್ದೆಗೆ ಮರಳುವವರು ಇಂಥ ಬಡಾವಣೆಗಳಲ್ಲಿ ಬೇಕಾದಷ್ಟಿದ್ದಾರೆ. ಹಾಗೆ ಮರಳಿದವರ ಮೈಯಲ್ಲಿ ಆಗುವ ಬದಲಾವಣೆ ಎಂಥದು, ಅದರಲ್ಲಿ ಎಷ್ಟನ್ನು ನಂಬಬಹುದು ಎಂಬುದಷ್ಟೇ ಈ ಟಿಪ್ಪಣಿಯ ವ್ಯಾಪ್ತಿ.

ಮೊದಲು ಕಾಳಿನ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಸುಣ್ಣದಂಶ 364 ಮಿಲಿಗ್ರಾಂ, ಕಬ್ಬಿಣ 4.6 ಮಿಲಿಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ, ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಆದರೆ ಅದೇ ಕೋಷ್ಟಕದಲ್ಲಿ ಜನ ಗಮನಿಸದ ಸಾಲೊಂದಿದೆ: ರಾಗಿಯ ಶಕ್ತಿ ಸುಮಾರು 320 ಕಿಲೊಕ್ಯಾಲರಿ, ಅಕ್ಕಿಯದು 356. ವ್ಯತ್ಯಾಸ ಹತ್ತು ಶೇಕಡಾದಷ್ಟೇ. ಪ್ರೋಟೀನು ರಾಗಿಯಲ್ಲಿ ಅಕ್ಕಿಗಿಂತ ತುಸು ಕಡಿಮೆಯೇ. ಮುದ್ದೆ ಎಷ್ಟು ತಿಂದರೂ ತೊಂದರೆಯಿಲ್ಲ ಎಂಬ ಮಾತಿಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಮೈ ಮೊದಲು ಉತ್ತರ ಕೊಡುವುದು ಹೊಟ್ಟೆಯಿಂದ. ದಿಢೀರನೆ ನಾರು ಹೆಚ್ಚಿದಾಗ ಉಬ್ಬರ, ಗ್ಯಾಸು, ಕೆಲವರಿಗೆ ಮಲಬದ್ಧತೆ. ‘ರಾಗಿ ನಂಗೆ ಒಗ್ಗಲ್ಲ’ ಎಂದು ಬಹಳ ಮಂದಿ ಕೈಬಿಡುವುದು ಈ ಘಟ್ಟದಲ್ಲಿ. ಸಣ್ಣ ಕರುಳಿನಲ್ಲಿ ಜೀರ್ಣವಾಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ. ಆಗ ಅನಿಲವೂ ಹುಟ್ಟುತ್ತದೆ, ಕರುಳಿನ ಒಳಪದರಕ್ಕೆ ಆಹಾರವಾಗುವ ಕೊಬ್ಬಿನಾಮ್ಲಗಳೂ ಹುಟ್ಟುತ್ತವೆ. ಊಟ ಬದಲಾದರೆ ಈ ಬ್ಯಾಕ್ಟೀರಿಯಾಗಳ ಪ್ರಮಾಣ ಕೆಲವೇ ದಿನಗಳಲ್ಲಿ ಬದಲಾಗುತ್ತದೆಂದು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಯೋಗ ತೋರಿಸಿತು. ಮೊದಲ ವಾರ ರಾತ್ರಿಗೆ ಅರ್ಧ ಮುದ್ದೆ, ಜೊತೆಗೆ ಧಾರಾಳವಾಗಿ ನೀರು, ಆಮೇಲೆ ನಿಧಾನವಾಗಿ ಹೆಚ್ಚಿಸುವುದು: ಹೀಗೆ ಶುರುಮಾಡಿದವರಿಗೆ ಈ ಕಾಟ ಕಡಿಮೆ.

ಎರಡನೆಯದು ತೂಕ. ಮೊದಲ ವಾರ ಒಂದೆರಡು ಕಿಲೋ ಇಳಿದರೆ ಬೀಗುವಂಥದ್ದೇನಿಲ್ಲ. ಪಿಷ್ಟ ಕಡಿಮೆಯಾದಾಗ ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್ ಖರ್ಚಾಗುತ್ತದೆ, ಅದರ ಒಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಯಂತ್ರ ತೋರಿಸಿದ ಇಳಿತದಲ್ಲಿ ಬಹುಪಾಲು ಆ ನೀರು. ಸೊಂಟದ ಕೊಬ್ಬು ಇದ್ದಲ್ಲೇ ಇರುತ್ತದೆ.

ರಕ್ತದೊತ್ತಡ ಇದಕ್ಕಿಂತ ನಂಬಿಕಸ್ತ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ‘ಡ್ಯಾಶ್’ ಪ್ರಯೋಗದಲ್ಲಿ ಉಪ್ಪನ್ನೂ ತೂಕವನ್ನೂ ಬದಲಿಸದೆ ಹಣ್ಣು, ತರಕಾರಿ, ಕೊಬ್ಬು ಕಡಿಮೆಯಾದ ಹಾಲುಮೊಸರು ಹೆಚ್ಚಿಸಿದ್ದಕ್ಕೇ ಮೇಲಿನ ಒತ್ತಡ ಸರಾಸರಿ 5.5 ಅಂಕ ಇಳಿಯಿತು, ಅದೂ ಎರಡು ವಾರದೊಳಗೆ. ನಮ್ಮ ಬಸ್ಸಾರು, ಮಸ್ಸೊಪ್ಪು ಈ ದಾರಿಯವೇ. ಅದರ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ ಕೂತರೆ ಮಾತು ಬೇರೆ.

ಈಗ ಇಲ್ಲಿನದೇ ಸಾಕ್ಷ್ಯ. ಇಕ್ರಿಸಾಟ್ ಸಂಸ್ಥೆ ಅಕ್ಷಯಪಾತ್ರ ಪ್ರತಿಷ್ಠಾನದ ಜೊತೆ ಸೇರಿ ಕರ್ನಾಟಕದಲ್ಲಿ, ನಗರದಂಚಿನ ಶಾಲಾಮಕ್ಕಳ ಮೇಲೆ ಮೂರು ತಿಂಗಳ ಅಧ್ಯಯನ ನಡೆಸಿ 2019ರಲ್ಲಿ ಪ್ರಕಟಿಸಿತು. ಬಿಸಿಯೂಟದ ಅಕ್ಕಿಯ ಜಾಗಕ್ಕೆ ರಾಗಿ ಇಡ್ಲಿ, ಸಾಮೆ–ಸಜ್ಜೆಯ ಬಿಸಿಬೇಳೆಬಾತ್ ಮುಂತಾದವು ಬಂದವು. ಸಿರಿಧಾನ್ಯ ತಿಂದ ಗುಂಪಿನಲ್ಲಿ ಎತ್ತರದ ಕೊರತೆಯೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವೂ ಗಣನೀಯವಾಗಿ ಸುಧಾರಿಸಿದವು. ಅನ್ನ ಸಾಂಬಾರಿನ ಗುಂಪಿನಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ರುಚಿಯ ವಿಷಯದಲ್ಲೂ ಮಕ್ಕಳು ಒಳ್ಳೆಯ ಅಂಕವನ್ನೇ ಕೊಟ್ಟರು. (ಉಪ್ಪಿಟ್ಟಿಗೆ ಸಿಕ್ಕಿದ್ದು ಕಡಿಮೆ ಅಂಕ. ನಮ್ಮ ಮಕ್ಕಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.)

ಇದನ್ನು ಓದಿ ದೊಡ್ಡವರಿಗೂ ಅದೇ ಫಲ ಎಂದುಕೊಳ್ಳುವ ಹೊತ್ತಿಗೆ 2025ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ವರದಿ ಬಂತು. ಭಾರತೀಯರ ಕ್ಯಾಲರಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿದೆ. ಒಟ್ಟು ಪ್ರಮಾಣ ತಗ್ಗಿಸದೆ ಪಾಲಿಶ್ ಧಾನ್ಯದ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದವರಲ್ಲಿ ಮಧುಮೇಹದ ಅಪಾಯ ಕಡಿಮೆ ಕಂಡುಬರಲಿಲ್ಲ. ಆ ಜಾಗದ ಸ್ವಲ್ಪ ಭಾಗವನ್ನು ಬೇಳೆಕಾಳು, ಹಾಲುಮೊಸರಿನ ಪ್ರೋಟೀನು ತುಂಬಿದಾಗ ಅಪಾಯ ತಗ್ಗಿದ್ದು ಕಂಡಿತು. ಇತ್ತ 2021ರಲ್ಲಿ ಇಕ್ರಿಸಾಟ್ ಮುಂದಾಳತ್ವದಲ್ಲಿ 65 ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆ, ಸಿರಿಧಾನ್ಯ ತಿಂದ ಮಧುಮೇಹಿಗಳಲ್ಲಿ ಬರಿಹೊಟ್ಟೆಯ ಸಕ್ಕರೆ ಶೇ. 12ರಷ್ಟು, ಊಟದ ನಂತರದ್ದು ಶೇ. 15ರಷ್ಟು ಇಳಿಯಿತೆಂದಿತ್ತು.

ಇವು ಒಂದಕ್ಕೊಂದು ವಿರುದ್ಧವೆಂದು ನನಗೆ ತೋರುವುದಿಲ್ಲ. ಬಿಸಿಯೂಟದ ಮಕ್ಕಳದು ಕೊರತೆಯ ದೇಹ. ಸುಣ್ಣ, ಕಬ್ಬಿಣ ಸಿಕ್ಕಿದರೆ ಬೆಳೆಯಲು ಕಾದಿರುವ ವಯಸ್ಸು. ನಲವತ್ತು ದಾಟಿ, ಕೂತು ಕೆಲಸ ಮಾಡುವ ಮಧುಮೇಹಿಯದು ಹೆಚ್ಚಳದ ದೇಹ. ಅಲ್ಲಿ ಕಾಳಿನ ಹೆಸರಿಗಿಂತ ಅಳತೆ ಮುಖ್ಯ. ಪ್ರಯೋಗಗಳಲ್ಲಿ ಅಳೆದು ಬಡಿಸುತ್ತಾರೆ, ಮನೆಯಲ್ಲಿ ಅಳೆಯುವವರಿಲ್ಲ. ಇಂಡಿಯಾಬ್ ಒಂದು ಕಾಲದ ಸಮೀಕ್ಷೆಯಾದ್ದರಿಂದ ಅದು ಕಾರಣವನ್ನು ಸಾಬೀತುಮಾಡುವುದಿಲ್ಲ ಎಂಬುದೂ ನಿಜ. ಆದರೂ ಎರಡು ಮುದ್ದೆ ಮುಗಿಸಿ ಮೇಲೊಂದಿಷ್ಟು ಅನ್ನ ಮಜ್ಜಿಗೆ ಉಣ್ಣುವ ನಮ್ಮ ಪದ್ಧತಿಯನ್ನು ನೋಡಿದರೆ ಅದರ ಎಚ್ಚರಿಕೆ ಸಕಾರಣ.

ಕಬ್ಬಿಣದ ವಿಷಯದಲ್ಲೂ ಕೋಷ್ಟಕವೇ ಕೊನೆಯ ಮಾತಲ್ಲ. ರಾಗಿಯ ಫೈಟೇಟ್, ಟ್ಯಾನಿನ್‌ಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿದ ರಾಗಿ, ಸಾರಿಗೆ ಹಿಂಡಿದ ನಿಂಬೆಹಣ್ಣು ಹೀರಿಕೆಗೆ ಅನುಕೂಲ. ಊಟವಾದ ಕೂಡಲೇ ಕುಡಿದ ಟೀ ಅಡ್ಡಿ.

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಆ ಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಹೊಸ ಊಟದ ಪೂರ್ತಿ ಫಲ ಕಾಣಲು ಮೂರು ತಿಂಗಳು ಬೇಕು. ಅವಸರಪಟ್ಟು ತಿಂಗಳಿಗೇ ಮಾಡಿಸಿದರೆ ಹಳೆಯ ಅನ್ನದ ಲೆಕ್ಕವೂ ಅದರಲ್ಲಿ ಬೆರೆತಿರುತ್ತದೆ. ಶುರುಮಾಡುವ ಮುಂಚೆ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ ಈ ಪರೀಕ್ಷೆ, ಬಿಪಿ, ಸೊಂಟದ ಸುತ್ತಳತೆ ಬರೆದಿಟ್ಟುಕೊಳ್ಳಿ. ಸಕ್ಕರೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ಊಟ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಊಟ ಕಡಿಮೆಯಾಗಿ ಔಷಧಿ ಹಳೆಯ ಪ್ರಮಾಣದಲ್ಲೇ ಉಳಿದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು.