ಉಳವಿ: ಅರಣ್ಯದ ನಡುಗಡ್ಡೆ

ಕಡಲಿಲ್ಲದೆಯೂ ನಡುಗಡ್ಡೆಯಂತಿರುವ ಕ್ಷೇತ್ರವು ಉತ್ತರ ಕನ್ನಡದ ಉಳವಿ. ಸುತ್ತಲೂ ಸಹ್ಯಾದ್ರಿಯ ದಟ್ಟವಾದ ಅರಣ್ಯವು ಕವಿದಿದೆ. 12ನೆಯ ಶತಮಾನದಲ್ಲಿ ಕಲ್ಯಾಣವು ಕ್ಷೋಭೆಗೊಂಡು ಶರಣರು ಚದುರಿದಾಗ, ಚನ್ನಬಸವಣ್ಣನವರು ಪರಿವಾರದೊಡನೆ ಇಲ್ಲಿಗೆ ಬಂದು ಐಕ್ಯರಾದರೆಂಬುದು ಪರಂಪರೆಯ ಮಾತು. ಬೆನ್ನಟ್ಟಿದವರಿಗೆ ಈ ಕಾಡೇ ಕೋಟೆಯಾಗಿ ಅಡ್ಡನಿಂತಿರಬೇಕು. ಮಹಾಮನೆ ಗವಿ, ಆಕಳ ಗವಿ, ಹರಳಯ್ಯನ ಚಿಲುಮೆ ಎಂಬ ಹೆಸರುಗಳೇ ಆ ನೆನಪನ್ನು ಕಾಯ್ದಿವೆ. ಇಲ್ಲಿ ಶಾಸನಕ್ಕಿಂತ ಜನರ ನಾಲಗೆಯೇ ಹಿರಿಯ ಸಾಕ್ಷಿ! ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಒಕ್ಕಲಿಗರು ಎತ್ತುಗಳನ್ನು ಸಿಂಗರಿಸಿ, ಚಕ್ಕಡಿ ಹೂಡಿ, ಗೆಜ್ಜೆಯ ದನಿಯೊಡನೆ ಘಟ್ಟದ ದಾರಿಯನ್ನು ಹಿಡಿಯುತ್ತಾರೆ.

ಹುಲಿ, ಕರಿಚಿರತೆ, ಮಂಗಟ್ಟೆ ಹಕ್ಕಿಗಳ ಈ ಸೀಮೆಯಲ್ಲಿ ಗೆಡ್ಡೆಗೆಣಸು ಬೆಳೆಯುವ ಕುಣಬಿಗಳು ಬಹುಕಾಲದಿಂದ ನೆಲೆಸಿದ್ದಾರೆ. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟುವ ಕಾಳೀನದಿಗೆ ಕಟ್ಟಿದ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ತಾಲೂಕಿನ ಹಳೆಯ ಕೇಂದ್ರವಾದ ಸೂಪಾವು ಜಲಾಶಯದಲ್ಲಿ ಮುಳುಗಿತು, ಅಲ್ಲಿಯ ಅನೇಕರು ರಾಮನಗರಕ್ಕೆ ತೆರಳಿದರು. 2007ರಲ್ಲಿ ದಾಂಡೇಲಿ-ಅಣಶಿ ಅರಣ್ಯವು ಹುಲಿಗಳ ರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಪರಿಹಾರಧನವನ್ನು ಪಡೆದು ಹೊರನಡೆದ ಕುಟುಂಬಗಳುಂಟು. ಒಮ್ಮೆ ನಿರಾಶ್ರಿತರನ್ನು ಬರಮಾಡಿಕೊಂಡ ಕಾಡಿನಿಂದಲೇ ಈಗ ಅದರ ಮಕ್ಕಳು ಹೊರಡುತ್ತಿದ್ದಾರೆ.