ಅಸ್ತರ: ಕಾಣದ ಬಟ್ಟಿಯ ಕಥಿ

1/5
ನಿಮ್ಮ ಬ್ಲೌಸ್ ಇಲ್ಲಾ ಕೋಟು ಒಮ್ಮೆ ಒಳಮಗ್ಗಲು ಹೊರಳಿಸಿ ನೋಡ್ರಿ. ಒಳಗೊಂದು ತೆಳು ಬಟ್ಟಿ ಅದ ಹೌದಿಲ್ಲೋ? ನಾವು ‘ಲೈನಿಂಗ್’ ಅಂತೀವಿ. ಆಳಂದ, ಅಫಜಲಪುರ, ಜೇವರ್ಗಿ ಕಡಿ ಹಳೇ ಟೇಲರ್‌ಗಳು ‘ಅಸ್ತರ’ ಅಂತಾರ. ಈ ಒಂದು ಪದದಾಗ ನಮ್ಮ ಜಿಲ್ಲೆಯ ಇತಿಹಾಸ ಅದ. 👇

2/5
ಅಸ್ತರ ಫಾರ್ಸಿ ಪದ. ದರ್ಜಿ, ಕಿಸೆ ಕೂಡ ಅಲ್ಲಿಂದನೇ ಬಂದವು. 1347ರಲ್ಲಿ ಬಹಮನಿ ಸುಲ್ತಾನರು ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಅವರ ದರಬಾರಿನ ಭಾಷೆ ಫಾರ್ಸಿ. ಮುಂದೆ ನಿಜಾಮರ ಕಾಲದಲ್ಲೂ ಕಚೇರಿಯಲ್ಲಿ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ. ಕಚೇರಿ ಭಾಷೆ ಬದಲಾಯ್ತು. ಹೊಲಿಗಿ ಅಂಗಡಿಯ ಮಾತು ಹಂಗೇ ಉಳೀತು.

3/5
ಹೈದರಾಬಾದಿನ ಶೇರವಾನಿ ನೆನಪು ಮಾಡ್ಕೊಳ್ರಿ. ಕಾಲರ್ ನೆಟ್ಟಗೆ ನಿಲ್ಲೋದು ಹೊರಗಿನ ಬಟ್ಟೆಯಿಂದ ಅಲ್ಲ, ಒಳಗಿನ ಗಟ್ಟಿ ಪದರದಿಂದ. ಒಳ್ಳೆ ಕೋಟಿನ ಎದೆಭಾಗದಾಗ ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸ್ ಇಟ್ಟು ಕೈಯಿಂದ ಹೊಲೀತಿದ್ರು. ಈಗ ಹೆಚ್ಚಾಗಿ ಅಂಟಿರುವ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತೋದು. ಕೆಲಸ ಬೇಗ ಆಗ್ತದ, ಆದ್ರ ಅಂಟು ಸರಿಯಾಗಿ ಹತ್ತದಿದ್ರ ತೊಳೆದ ಮ್ಯಾಲ ಕಾಲರ್ ಮ್ಯಾಲ ಗುಳ್ಳೆ ಏಳ್ತದ. ನೋಡಿರಬೇಕಲ್ಲ?

4/5
ಮನಿಯಾಗೂ ಇದೇ ವಿದ್ಯೆ ಅದ. ಕೌದಿ! ಮ್ಯಾಲ ಬಣ್ಣದ ತುಂಡು, ಒಳಗ ಸವೆದ ಸೀರಿ, ಧೋತರ. ಎಲ್ಲಾ ಪದರ ಸೇರಿಸಿ ಸಾಲಾಗಿ ಹಾಕಿದ ಕೈಹೊಲಿಗಿ. ಚಳಿ ತಡೆಯೋದು ಕಾಣದ ಆ ಹಳೇ ಬಟ್ಟಿಗಳೇ. ಹೊಲಿದವರ ಹೆಸರು ಮಾತ್ರ ಯಾವ ಕೌದಿ ಮ್ಯಾಲೂ ಇರಲ್ಲ.

5/5
ಈಗ ಬಿಕಾಂ ಲೆಕ್ಕ. 😅 “ಇಷ್ಟು ಸಣ್ಣ ಬ್ಲೌಸಿಗೆ ಇಷ್ಟ್ಯಾಕ್ರೀ?” ಅಂತ ಚೌಕಾಸಿ ಮಾಡ್ತೀವಿ. ಆದ್ರ ಅಸ್ತರ ಅಂದ್ರ ಅದೇ ಅಳತಿ ಎರಡು ಸಲ ಕತ್ತರಿಸಬೇಕು, ಎರಡೂ ಪದರ ಸುಕ್ಕಿಲ್ಲದಂಗ ಕೂಡಿಸಬೇಕು. ಹತ್ತಿ ಅಸ್ತರ ಮೊದಲೇ ನೀರಾಗ ನೆನೆಸಿ ಒಣಗಿಸಬೇಕು. ಇಲ್ಲಾಂದ್ರ ಮೊದಲ ಒಗೆತಕ್ಕೇ ಅದು ಕುಗ್ಗಿ ಮ್ಯಾಲಿನ ಬಟ್ಟಿ ಜಗ್ತದ. ಬಿಲ್ಲಿನಾಗ ಈ ದುಡಿಮೆಗೆ ಬೇರೆ ಸಾಲು ಇರಲ್ಲ. ಹಂಗಂತ ಅದರ ಬೆಲೆ ಸೊನ್ನೆ ಅಲ್ಲ.

ಮುಂದಿನ ಸಲ ಹೊಲಿಯಾಕ ಕೊಡುವಾಗ “ಅಸ್ತರ ಹಾಕ್ರಿ” ಅಂತ ಹೇಳಿ ನೋಡ್ರಿ. ಕೇಳಿದ ಕೂಲಿನೂ ಪೂರ್ತಿ ಕೊಡ್ರಿ. ನಿಮ್ಮ ಮನಿಯಾಗ ಇದಕ್ಕ ಏನಂತಾರ? ಕಾಮೆಂಟ್‌ನಾಗ ಬರೀರಿ. 🧵

#ಅಸ್ತರ #ಕೌದಿ #ಕಲಬುರಗಿ #ನಮ್ಮಕಡಿಮಾತು