‘ಸಂಸ್ಕಾರ’ದ ಪ್ರೇರಣೆ ಮತ್ತು ಚಿತ್ರರೂಪ: ಒಂದು ವಿಚಾರ

ಕಾದಂಬರಿಕಾರರು ಪುಸ್ತಕದಂಗಡಿಗಳಲ್ಲಿಯೂ ಸಭೆಗಳಲ್ಲಿಯೂ ಓದುಗರೆದುರು ಕುಳಿತು ತಮ್ಮ ಕೃತಿ ಹುಟ್ಟಿದ ಬಗೆಯನ್ನು ಹೇಳುವುದು ಈಗ ವಾಡಿಕೆಯಾಗಿದೆ. ಇಂತಹ ಮಾತುಗಳನ್ನು ಸಾಹಿತ್ಯಚರಿತ್ರೆಯ ಆಧಾರಗಳೆಂದು ಎಷ್ಟರಮಟ್ಟಿಗೆ ಸ್ವೀಕರಿಸಬಹುದೆಂಬುದು ವಿಚಾರಾರ್ಹವಾದ ಪ್ರಶ್ನೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಪರೀಕ್ಷೆಗೆ ತಕ್ಕ ಕೃತಿ; ಚಲನಚಿತ್ರವೊಂದನ್ನು ನೋಡಿದುದರಿಂದ ಪ್ರೇರಿತವಾಗಿ, ಮುಂದೆ ತಾನೂ ಚಲನಚಿತ್ರವಾದ ಕಾದಂಬರಿ ಅದು.

ಅನಂತಮೂರ್ತಿಯವರು ಉನ್ನತ ವ್ಯಾಸಂಗಕ್ಕಾಗಿ 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಅಧ್ಯಾಪಕರಾಗಿದ್ದ ಕಾದಂಬರಿಕಾರ ಮ್ಯಾಲ್ಕಂ ಬ್ರಾಡ್‌ಬರಿಯವರೊಡನೆ ಇಂಗ್ಮಾರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ (1957) ಎಂಬ ಸ್ವೀಡಿಷ್ ಚಿತ್ರವನ್ನು ನೋಡಿದ ಸಂಗತಿಯನ್ನು ಅವರು ಅನೇಕ ಬಾರಿ ಹೇಳಿದ್ದಾರೆ. ಚಿತ್ರಕ್ಕೆ ಇಂಗ್ಲಿಷ್ ಉಪಶೀರ್ಷಿಕೆಗಳಿರಲಿಲ್ಲ. ಯೂರೋಪಿಯನನು ಮಧ್ಯಯುಗವನ್ನು ಪಾಂಡಿತ್ಯದಿಂದ ಕಟ್ಟಿಕೊಳ್ಳಬೇಕು, ಭಾರತೀಯನಿಗಾದರೋ ಅದು ಜೀವಂತವಾದ ಅನುಭವ ಎಂದು ಅವರಿಗೆ ತೋರಿತಂತೆ. ಅದನ್ನೇ ಬರೆಯಬೇಕೆಂದು ಬ್ರಾಡ್‌ಬರಿ ಪ್ರೋತ್ಸಾಹಿಸಿದರಂತೆ.

ಈ ಸಾಕ್ಷ್ಯವನ್ನು ತಿರಸ್ಕರಿಸಲು ಕಾರಣವಿಲ್ಲ. ಆದರೆ ಇದೊಂದರಿಂದಲೇ ಕೃತಿಯ ಮೂಲ ತಿಳಿಯಿತೆಂದು ಭಾವಿಸುವುದೂ ಸಲ್ಲದು. ಬರ್ಗ್‌ಮನ್ನರ ಚಿತ್ರದಲ್ಲಿ ಮಹಾಮಾರಿಯಿದೆ. ‘ಸಂಸ್ಕಾರ’ದಲ್ಲಿ ಪ್ಲೇಗು ಇದೆ. ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಅನಂತರವೂ ಬಹುಕಾಲ ಮರುಕಳಿಸುತ್ತಿದ್ದಿತು. 1932ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದ ಲೇಖಕರಿಗೆ ಅದು ಪರದೆಯ ಮೇಲಿನ ಸಂಗತಿ ಮಾತ್ರವಾಗಿರಲಿಲ್ಲ. ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯರು ಪುಟ್ಟನೊಡನೆ ಹೋಗುವ ತೇರು ಆ ಮೇಳಿಗೆಯದೇ. ಸತ್ತು ಬೀಳುವ ಇಲಿಗಳು, ಮಾಡಿನ ಮೇಲೆ ಬಂದು ಕೂರುವ ಹದ್ದುಗಳು, ಶವ ಕೊಳೆಯುತ್ತಿರಲು ಧರ್ಮಶಾಸ್ತ್ರದ ಓಲೆಗರಿಗಳನ್ನು ಮಗುಚುವ ವಿದ್ವಾಂಸ—ಇವು ಮಲೆನಾಡಿನ ಅಗ್ರಹಾರದವು. ಇದ್ದ ವಸ್ತುವನ್ನು ದೂರದಲ್ಲಿ ನಿಂತು ನೋಡುವ ದೃಷ್ಟಿಯನ್ನು ಬರ್ಗ್‌ಮನ್ನರ ಚಿತ್ರ ಒದಗಿಸಿತೆಂದಷ್ಟೇ ನಾವು ಹೇಳಬಲ್ಲೆವು.

ಚಿತ್ರರೂಪದ ಚರಿತ್ರೆ ಇದಕ್ಕಿಂತ ಬಿರುಸಾದುದು. ಪಟ್ಟಾಭಿರಾಮ ರೆಡ್ಡಿಯವರು ನಿರ್ಮಿಸಿ ನಿರ್ದೇಶಿಸಿದ ಚಿತ್ರಕ್ಕೆ ಚಿತ್ರಕಥೆ ಬರೆದ ಗಿರೀಶ ಕಾರ್ನಾಡರೇ ಪ್ರಾಣೇಶಾಚಾರ್ಯರಾದರು. ನಾರಣಪ್ಪನ ಪಾತ್ರವನ್ನು ಪಿ. ಲಂಕೇಶರೂ ಚಂದ್ರಿಯ ಪಾತ್ರವನ್ನು ಸ್ನೇಹಲತಾ ರೆಡ್ಡಿಯವರೂ ವಹಿಸಿದರು. ಮದರಾಸಿನ ಸೆನ್ಸಾರ್ ಮಂಡಳಿ ಪ್ರದರ್ಶನಕ್ಕೆ ಅನುಮತಿಯನ್ನು ನಿರಾಕರಿಸಿತು. ಕೇಂದ್ರದಿಂದ ಅನುಮತಿ ದೊರೆತ ಮೇಲೆ ಚಿತ್ರ ತೆರೆಕಂಡು, 1970ರ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಐದು ವರ್ಷ ಓದುಗರ ಕೈಯಲ್ಲಿದ್ದ ಕಥೆಯೇ ಪರದೆಗೆ ಬಂದೊಡನೆ ಅಪಾಯಕರವೆನಿಸಿದುದೇಕೆ? ಗ್ರಂಥಕ್ಕೆ ಪ್ರಕಟಣಪೂರ್ವ ಪರೀಕ್ಷೆಯಿಲ್ಲ. ಚಿತ್ರಕ್ಕಾದರೋ 1952ರ ಸಿನಿಮಾಟೋಗ್ರಾಫ್ ಕಾಯಿದೆಯಂತೆ ಅದು ಕಡ್ಡಾಯ. ಕೆ. ಎ. ಅಬ್ಬಾಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಭೇದವನ್ನು ಎತ್ತಿಹಿಡಿದುದೂ 1970ರಲ್ಲಿಯೇ. ಅಕ್ಷರ ಬಲ್ಲವನನ್ನು ನಂಬಿ, ನೋಡುವವನನ್ನು ನಂಬದ ಈ ನೀತಿ ನಮಗೆ ನ್ಯಾಯವೆಂದು ತೋರುವುದಿಲ್ಲ.

ಪ್ರಾಣೇಶಾಚಾರ್ಯರ ಒಳತೋಟಿ ಚಿತ್ರದಲ್ಲಿ ಕುಗ್ಗಿದೆಯೆಂಬ ಆಕ್ಷೇಪ ಸುಲಭವಾಗಿ ಬರುತ್ತದೆ. ಕಾದಂಬರಿಯ ಕೊನೆಯ ಭಾಗ ಬಹುಮಟ್ಟಿಗೆ ಆತ್ಮಸಂವಾದವೇ ಆಗಿರುವಾಗ ಅದು ಅನಿವಾರ್ಯ. ಆದರೆ ಮುಖ, ಮೌನ, ಕಾಡು ಇವುಗಳಿಂದ ಚಿತ್ರ ಪಡೆದುದೂ ಅಲ್ಪವಲ್ಲ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಮಾತು ತಿಳಿಯದ ಚಿತ್ರದಿಂದ ಹೊರಟ ಕಥೆಯನ್ನು ಪರದೇಶದ ಕಣ್ಣೊಂದು ಮತ್ತೆ ಚಿತ್ರವಾಗಿಸಿದುದು ಗಮನಾರ್ಹ. ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದುದು 1976ರಲ್ಲಿ, ಚಿತ್ರ ಬಂದು ಆರು ವರ್ಷಗಳ ಮೇಲೆ.